ಬಸಿರಿನ ಗುಳಿಗೆಗಳು ಮತ್ತು ಅವುಗಳ ಅಡ್ಡಪರಿಣಾಮಗಳು

ಬಸುರಿಯರು ತೆಗೆದುಕೊಳ್ಳುವ ಕಬ್ಬಿಣ, ಫೋಲಿಕ್ ಆಮ್ಲ, ಕ್ಯಾಲ್ಸಿಯಂ ಮತ್ತು ಇತರ ಜೀವಸತ್ವ, ಖನಿಜಗಳ ಮಾತ್ರೆಗಳಿಂದ ಮೈಗೆ ಆಗುವ ಬೇಡದ ಪರಿಣಾಮಗಳು ಈ ಲೇಖನದ ವಿಷಯ. ವೈದ್ಯರ ಚೀಟಿಯಲ್ಲಿ ಇವು ಐಎಫ್‌ಎ (ಕಬ್ಬಿಣ ಮತ್ತು ಫೋಲಿಕ್ ಆಮ್ಲ), ಕ್ಯಾಲ್ಸಿಯಂ ಡಿ3, ಮಲ್ಟಿವಿಟಮಿನ್ ಎಂದು ಬರುತ್ತವೆ. ಮನೆಮಾತಿನಲ್ಲಿ ರಕ್ತದ ಗುಳಿಗೆ, ಶಕ್ತಿ ಗುಳಿಗೆ. ಹೈದರಾಬಾದಿನ ಹಳೇ ಊರಿನ ಉರ್ದುವಿನಲ್ಲಿ ತಾಕತ್ ಕೀ ಗೋಲಿ. ಇವುಗಳ ಅಡ್ಡಪರಿಣಾಮಗಳಲ್ಲಿ ಹೆಚ್ಚಿನವು ಸೌಮ್ಯ: ವಾಕರಿಕೆ, ಎದೆಯುರಿ, ಮಲಬದ್ಧತೆ, ಕಪ್ಪು ಮಲ. ಜೀವಕ್ಕೆ ಎರವಾಗುವಂಥವು ವಿರಳ. ಆದರೂ ನಮ್ಮ ನಾಡಿನಲ್ಲಿ ಹೆಚ್ಚು ಹಾನಿಯಾಗಿರುವುದು ಆ ಸೌಮ್ಯ ತೊಂದರೆಗಳಿಂದಲೇ. ಅವುಗಳಿಗೆ ಬೇಸತ್ತು ಬಸುರಿ ಗುಳಿಗೆ ಬಿಡುತ್ತಾಳೆ, ಬಿಟ್ಟದ್ದನ್ನು ಯಾರಿಗೂ ಹೇಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಬಸುರಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಮಾತ್ರೆಯನ್ನು 100 ದಿನವಾದರೂ ನುಂಗಿದವರು ಶೇ. 44, 180 ದಿನ ಪೂರೈಸಿದವರು ಶೇ. 26 ಮಾತ್ರ.

ಈ ವಿಷಯಕ್ಕೆ ಹೈದರಾಬಾದಿಗಿಂತ ತಕ್ಕ ಊರು ಸಿಗುವುದು ಕಷ್ಟ. ಭಾರತೀಯರು ಯಾವ ಪೋಷಕಾಂಶವನ್ನು ಎಷ್ಟು ತಿನ್ನಬೇಕೆಂದು ಲೆಕ್ಕ ಹಾಕುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ಇಲ್ಲಿನ ತಾರ್ನಾಕಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲಿ. ಪೇಟ್ಲಾಬುರ್ಜ್ ಮತ್ತು ಸುಲ್ತಾನ್ ಬಜಾರಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳು, ರೆಡ್ ಹಿಲ್ಸಿನ ನಿಲೋಫರ್ ಆಸ್ಪತ್ರೆ ಇರುವುದೂ ಇದೇ ಊರಲ್ಲಿ. ನಿಲೋಫರ್ ಹುಟ್ಟಿದ್ದೇ ಒಂದು ಬಾಣಂತಿ ಸಾವಿನಿಂದ. ನಿಜಾಮರ ಸೊಸೆ ರಾಜಕುಮಾರಿ ನಿಲೋಫರ್ ಅವರ ಮೆಚ್ಚಿನ ದಾಸಿಯೊಬ್ಬಳು 1949ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಆ ದುಃಖದಿಂದ ಎದ್ದ ಆಸ್ಪತ್ರೆ 1953ರಲ್ಲಿ ಬಾಗಿಲು ತೆರೆಯಿತು. ಬೀದರ್, ಕಲಬುರಗಿ, ರಾಯಚೂರಿನ ಎಷ್ಟೋ ಕನ್ನಡ ಮನೆಗಳಿಗೆ 'ದೊಡ್ಡ ಆಸ್ಪತ್ರೆ' ಎಂದರೆ ಇಂದಿಗೂ ಹೈದರಾಬಾದೇ.

ಕೂನೂರಿನಿಂದ ತಾರ್ನಾಕಾಗೆ

ಪೋಷಣಾ ಸಂಸ್ಥೆಯ ಬೇರು ನೀಲಗಿರಿಯಲ್ಲಿದೆ. 1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆ ಆರಂಭಿಸಿದರು. ಅದು 1928ರಲ್ಲಿ ಪೋಷಣಾ ಸಂಶೋಧನಾ ಪ್ರಯೋಗಾಲಯವಾಗಿ, 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಈಗಿನ ಹೆಸರು ಪಡೆಯಿತು. ಮೆಕ್ಯಾರಿಸನ್ ಇದ್ದ ಕಾಲದಲ್ಲೇ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಕೂನೂರಿನಲ್ಲಿ ಕೆಲಸ ಮಾಡಿದರು. ಮುಂಬಯಿಯ ಬಟ್ಟೆ ಗಿರಣಿಗಳ ಬಡ ಬಸುರಿಯರಲ್ಲಿ ಅವರೊಂದು ವಿಚಿತ್ರ ರಕ್ತಹೀನತೆ ಕಂಡಿದ್ದರು; ರಕ್ತಕಣಗಳು ಕಡಿಮೆ, ಆದರೆ ಗಾತ್ರದಲ್ಲಿ ದೊಡ್ಡವು. ಬ್ರೆಡ್ಡಿಗೆ ಸವರುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟರೆ ಅದು ವಾಸಿಯಾಗುತ್ತದೆ ಎಂದು ಅವರು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಟ್ಟಿನ ವಸ್ತುವೇ ಫೋಲಿಕ್ ಆಮ್ಲ. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದ ಅಮೆರಿಕದ ಲೆಡರ್ಲಿ ಔಷಧ ಕಂಪನಿಯ ತಂಡದ ಮುಖ್ಯಸ್ಥರು ಭೀಮವರಂನಲ್ಲಿ ಹುಟ್ಟಿದ ತೆಲುಗರು, ಯಲ್ಲಾಪ್ರಗಡ ಸುಬ್ಬರಾವ್. ಅವರ ಇಬ್ಬರು ಸೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಬಲಿ ತೆಗೆದುಕೊಂಡಿದ್ದು ಸ್ಪ್ರೂ ಎಂಬ ಕರುಳಿನ ಬೇನೆ. ಮುಂದೆ ಆ ಬೇನೆಗೆ ಮದ್ದಾದದ್ದೂ ಇದೇ ಫೋಲಿಕ್ ಆಮ್ಲ.

ಭಾರತ ಸರ್ಕಾರ 1970ರಲ್ಲಿ ರಕ್ತಹೀನತೆ ತಡೆ ಕಾರ್ಯಕ್ರಮ ಆರಂಭಿಸಿದಾಗ ಬಸುರಿಯ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇತ್ತು. ಫಲ ಸಾಲದೆಂದು 1990ರ ದಶಕದ ಆರಂಭದಲ್ಲಿ ಕಬ್ಬಿಣವನ್ನು 100 ಮಿ.ಗ್ರಾಂಗೆ ಏರಿಸಿದರು. 2018ರ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಅದು ಮತ್ತೆ 60ಕ್ಕೆ ಇಳಿಯಿತು. ದಿನಗಳ ಸಂಖ್ಯೆ ಮಾತ್ರ ಬಸಿರಲ್ಲಿ 180, ಹೆರಿಗೆಯ ನಂತರ 180 ಎಂದು ಹಿಗ್ಗಿತು. ಇಷ್ಟು ಏರಿಳಿತದ ಹಿಂದಿರುವುದು ಒಂದೇ ತೊಡಕು: ಪ್ರಮಾಣ ಹೆಚ್ಚಿದಷ್ಟೂ ಹೊಟ್ಟೆಯ ಕಾಟ ಹೆಚ್ಚು, ಹೊಟ್ಟೆಯ ಕಾಟ ಹೆಚ್ಚಿದಷ್ಟೂ ನುಂಗುವವರು ಕಡಿಮೆ.

ಕಬ್ಬಿಣ

ಅಡ್ಡಪರಿಣಾಮಗಳ ಮಾತು ಬಂದರೆ ಮುಕ್ಕಾಲು ಪಾಲು ಕಬ್ಬಿಣದ ಮಾತೇ. ಸರ್ಕಾರಿ ಕೆಂಪು ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ನೋಡಿ. ಮೊದಲು ಸಕ್ಕರೆಯ ಸಿಹಿ. ನೀರು ಕುಡಿಯಲು ತಡವಾದರೆ ಬಣ್ಣ ಕರಗಿ ತುಟಿ ಕೆಂಪಾಗುತ್ತದೆ. ಸಿಹಿಯ ಕೆಳಗಿಂದ ಕೈಪಂಪಿನ ಹಿಡಿ ಹಿಡಿದ ಅಂಗೈಯ ವಾಸನೆಯಂಥ ಒಂದು ರುಚಿ ಏಳುತ್ತದೆ. ಅದು ಗಂಟಲಿನಲ್ಲಿ ಕೂತರೆ ಗಂಟೆಗಟ್ಟಲೆ ಹೋಗುವುದಿಲ್ಲ. ಮೊದಲೇ ಹೊಟ್ಟೆ ತೊಳೆಸುತ್ತಿರುವ ಹೆಂಗಸಿಗೆ ಇಷ್ಟೇ ಸಾಕು.

ಹೊಟ್ಟೆಯೊಳಗೆ ಆಗುವುದು ಹೀಗೆ. ನುಂಗಿದ ಕಬ್ಬಿಣದಲ್ಲಿ ರಕ್ತಕ್ಕೆ ಸೇರುವುದು ಸಣ್ಣ ಪಾಲು. ಉಳಿದದ್ದು ಜಠರದ ಒಳಪದರವನ್ನು ಕೆಣಕಿ, ಕರುಳಿನಲ್ಲಿ ಗಂಧಕದೊಂದಿಗೆ ಕೂಡಿ ಕಪ್ಪು ಬಣ್ಣವಾಗಿ ಹೊರಬೀಳುತ್ತದೆ. ವಾಕರಿಕೆ, ಮೇಲುಹೊಟ್ಟೆಯ ಉರಿ, ಮಲಬದ್ಧತೆ, ಕೆಲವರಿಗೆ ಭೇದಿ. ಎಲ್ಲವೂ ಈ ಉಳಿದ ಕಬ್ಬಿಣದ ಕೆಲಸ. ಕಪ್ಪು ಮಲಕ್ಕೆ ಹೆದರಬೇಕಿಲ್ಲ. ಮಾತ್ರೆ ನುಂಗುತ್ತಿರುವುದಕ್ಕೆ ಅದೇ ಸಾಕ್ಷಿ. ಹೆದರಬೇಕಾದದ್ದು ಡಾಂಬರಿನಂತೆ ಅಂಟುವ, ಕೆಟ್ಟ ನಾತದ, ತಲೆಸುತ್ತಿನೊಂದಿಗೆ ಬರುವ ಕಪ್ಪು ಮಲಕ್ಕೆ. ಅದು ಹೊಟ್ಟೆಯೊಳಗಿನ ರಕ್ತಸ್ರಾವವಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಒಂದನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ಮಲಬದ್ಧತೆ, ಎದೆಯುರಿ, ವಾಕರಿಕೆ ಗುಳಿಗೆಯನ್ನೇ ಮುಟ್ಟದ ಬಸುರಿಯರಿಗೂ ಬರುತ್ತವೆ. ಬಸಿರಲ್ಲಿ ಏರುವ ಪ್ರೊಜೆಸ್ಟರಾನ್ ಹಾರ್ಮೋನು ಕರುಳಿನ ನಡಿಗೆಯನ್ನು ನಿಧಾನ ಮಾಡುತ್ತದೆ. ಬೆಳೆಯುವ ಗರ್ಭ ಜಠರವನ್ನು ಮೇಲಕ್ಕೆ ಒತ್ತುತ್ತದೆ. ಹೀಗಾಗಿ ಯಾವುದು ಗುಳಿಗೆಯದು, ಯಾವುದು ಬಸಿರಿನದು ಎಂದು ಬೇರ್ಪಡಿಸುವುದು ಕಷ್ಟ. ಮೊದಲ ಮೂರು ತಿಂಗಳು ಫೋಲಿಕ್ ಆಮ್ಲ ಮಾತ್ರ ಕೊಟ್ಟು, ಕಬ್ಬಿಣವನ್ನು ನಾಲ್ಕನೇ ತಿಂಗಳಿಂದ ಶುರುಮಾಡುವ ಪದ್ಧತಿ ಒಳ್ಳೆಯದು. ಬಯಕೆಯ ವಾಂತಿಯ ಮೇಲೆ ಕಬ್ಬಿಣದ ವಾಕರಿಕೆಯನ್ನೂ ಹೇರುವುದು ತಪ್ಪುತ್ತದೆ.

ಚೀಟಿ ಓದುವಾಗ ಜನ ಮೋಸ ಹೋಗುವ ಜಾಗವೊಂದಿದೆ. ಪೊಟ್ಟಣದ ಮೇಲೆ ಬರೆದ ತೂಕ ಎಷ್ಟೋ ಸಲ ಲವಣದ್ದು, ಕಬ್ಬಿಣದ್ದಲ್ಲ. 60 ಮಿ.ಗ್ರಾಂ ಶುದ್ಧ ಕಬ್ಬಿಣ ಸಿಗಬೇಕಾದರೆ ಫೆರಸ್ ಸಲ್ಫೇಟ್ ಸುಮಾರು 300, ಫೆರಸ್ ಫ್ಯೂಮರೇಟ್ ಸುಮಾರು 180, ಫೆರಸ್ ಗ್ಲುಕೋನೇಟ್ ಸುಮಾರು 500 ಮಿ.ಗ್ರಾಂ ಬೇಕು. ಔಷಧ ಅಂಗಡಿಯ ಫೆರಸ್ ಆಸ್ಕಾರ್ಬೇಟ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಕಬ್ಬಿಣವೇ ಇರುತ್ತದೆ. 'ದುಬಾರಿ ಗುಳಿಗೆ ಹೊಟ್ಟೆಗೆ ಹಗುರ' ಎಂಬ ನಂಬಿಕೆ ಎಲ್ಲೆಡೆ ಇದೆ. ಹೆಚ್ಚಿನ ಸಲ ಹೊಟ್ಟೆಗೆ ಹಗುರವಾಗಿಸುವುದು ಬೆಲೆಯಲ್ಲ, ಒಳಗಿರುವ ಕಬ್ಬಿಣದ ಪ್ರಮಾಣ ಮತ್ತು ನುಂಗುವ ಹೊತ್ತು.

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಈ ಪ್ರಮಾಣದ ಗೊಂದಲ ನಿಜವಾದ ಸಮಸ್ಯೆಯಾಗುವ ಬಗೆ ಇನ್ನೊಂದಿದೆ. ಚೊಚ್ಚಲು ಬಸುರಿ ಆರೇಳು ತಿಂಗಳು ಇಲ್ಲಿ ತೋರಿಸಿಕೊಂಡು, ಹೆರಿಗೆಗೆ ಕಲಬುರಗಿಗೋ ಬೀದರಿಗೋ ತವರಿಗೆ ಹೋಗುತ್ತಾಳೆ. ಇಲ್ಲಿನ ಖಾಸಗಿ ವೈದ್ಯರು ಬರೆದ ಬ್ರ್ಯಾಂಡಿನ ಮಾತ್ರೆ ಚೀಲದಲ್ಲಿರುತ್ತದೆ. ಅಲ್ಲಿ ಆಶಾ ಕಾರ್ಯಕರ್ತೆ ಕೆಂಪು ಮಾತ್ರೆ ಕೊಡುತ್ತಾಳೆ. ತಾಯಿ ಪ್ರೀತಿಯಿಂದ ಒಂದು ಟಾನಿಕ್ ತರಿಸುತ್ತಾಳೆ. ಮೂರರಲ್ಲೂ ಕಬ್ಬಿಣವಿದೆ, ಮೂರರ ಹೆಸರೂ ಬೇರೆ. 60ಕ್ಕೆ 100 ಸೇರಿ, ಮೇಲೆ ಸಿರಪ್ಪೂ ಸೇರಿ, ಹುಡುಗಿಗೆ ಮೂರು ದಿನ ಹೊಟ್ಟೆ ಕಟ್ಟಿದಾಗ ಎಲ್ಲವನ್ನೂ ಒಟ್ಟಿಗೇ ನಿಲ್ಲಿಸಿಬಿಡುತ್ತಾರೆ. ಎಲ್ಲ ಪೊಟ್ಟಣಗಳನ್ನು ಒಂದೇ ಚೀಲದಲ್ಲಿ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯುವುದು ಇದಕ್ಕೆ ಮದ್ದು. ತಾಯಿ ಕಾರ್ಡಿನಲ್ಲಿ ಒಂದು ಸಾಲು ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಹೆಚ್ಚು ನುಂಗಿದರೆ ಹೆಚ್ಚು ರಕ್ತ ಎಂಬ ಲೆಕ್ಕ ದೇಹದ ಮಟ್ಟಿಗೆ ತಪ್ಪು. ಕಬ್ಬಿಣದ ದೊಡ್ಡ ಪ್ರಮಾಣವೊಂದು ಒಳಗೆ ಹೋದ ಕೂಡಲೇ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಸುರಿಸಿ ಕರುಳಿನ ಬಾಗಿಲನ್ನು ಸುಮಾರು ಒಂದು ದಿನ ಅರೆಮುಚ್ಚುತ್ತದೆ. ಸಂಜೆ ಮತ್ತೊಂದು ಮಾತ್ರೆ ನುಂಗಿದರೆ ಅದರ ಬಹುಪಾಲು ಹೊಟ್ಟೆಯನ್ನು ಕೆಣಕಲಷ್ಟೇ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು 2015 ಮತ್ತು 2017ರಲ್ಲಿ ಬಸುರಿಯರಲ್ಲದ ಯುವತಿಯರಲ್ಲಿ ಇದನ್ನು ಅಳೆದು, ದಿನ ಬಿಟ್ಟು ದಿನ ಕೊಟ್ಟರೆ ಹೀರಿಕೆ ಹೆಚ್ಚೆಂದು ತೋರಿಸಿದರು. ಬಸುರಿಯ ಅಗತ್ಯ ದೊಡ್ಡದು. ಒಂಬತ್ತು ತಿಂಗಳಿಗೆ ಒಟ್ಟು ಸುಮಾರು 1000 ಮಿ.ಗ್ರಾಂ ಕಬ್ಬಿಣ ಬೇಕು. ಆದ್ದರಿಂದ ಭಾರತದ ಕಾರ್ಯಕ್ರಮ ದಿನದ ಮಾತ್ರೆಯನ್ನೇ ಉಳಿಸಿಕೊಂಡಿದೆ. ತಡೆದುಕೊಳ್ಳಲಾಗದವಳಿಗೆ ಪ್ರಮಾಣ ತಗ್ಗಿಸುವುದೋ ಅಂತರ ಕೊಡುವುದೋ ವೈದ್ಯರ ಕೈಲಿದೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಸೂಚಿಯಲ್ಲೂ, ರಕ್ತಹೀನತೆ ವಿರಳವಾಗಿರುವ ಜನರಲ್ಲಿ, ಅಡ್ಡಪರಿಣಾಮದಿಂದ ದಿನದ ಮಾತ್ರೆ ಒಗ್ಗದವರಿಗೆ ವಾರಕ್ಕೊಮ್ಮೆ 120 ಮಿ.ಗ್ರಾಂ ಕೊಡುವ ದಾರಿ ತೆರೆದಿದೆ. ಅಂದರೆ 'ಆಗಲ್ಲ' ಎನ್ನುವ ಹೆಂಗಸಿಗೆ ಶಾಸ್ತ್ರದಲ್ಲೇ ಜಾಗವಿದೆ. ಅವಳ ಮಾತನ್ನು ಗೊಣಗಾಟವೆಂದು ತಳ್ಳಿಹಾಕಲು ಯಾವ ವೈದ್ಯರಿಗೂ ನೆವವಿಲ್ಲ.

ಉಷ್ಣದ ಮಾತು

ಗುಳಿಗೆ ಬಿಡಲು ಹೆಂಗಸರು ಕೊಡುವ ಕಾರಣಗಳಲ್ಲಿ 'ಉಷ್ಣ ಆಗ್ತದ' ಎಂಬುದು ಮುಂದಿದೆ. ತೆಲುಗರು ಇದನ್ನೇ 'ವೇಡಿ' ಎನ್ನುತ್ತಾರೆ. ಎದೆಯುರಿ, ಬಾಯಿಹುಣ್ಣು, ಗಟ್ಟಿ ಮಲ, ಅದರ ಜೊತೆ ಮೂಲವ್ಯಾಧಿಯ ಉರಿ. ಎಲ್ಲವನ್ನೂ ನಮ್ಮ ಮನೆಗಳು ಉಷ್ಣ ಎಂಬ ಒಂದೇ ಮಾತಿನಲ್ಲಿ ಕಟ್ಟಿಡುತ್ತವೆ. ಮೈಯ ಶಾಖ ಮಾತ್ರೆಯಿಂದ ಏರುವುದಿಲ್ಲ ನಿಜ, ಆದರೆ ಆ ಹೆಂಗಸು ಹೇಳುತ್ತಿರುವ ನೋವು ಸುಳ್ಳಲ್ಲ. 'ಉಷ್ಣ ಅಂತ ಏನೂ ಇಲ್ಲ' ಎಂದು ತಿದ್ದುವ ಬದಲು 'ಎಲ್ಲಿ ಉರಿಯುತ್ತದೆ, ಯಾವಾಗ?' ಎಂದು ಕೇಳಿದರೆ ಚಿಕಿತ್ಸೆ ಅಲ್ಲಿಂದಲೇ ಶುರುವಾಗುತ್ತದೆ. ಮಗು ಕಪ್ಪಾಗುತ್ತದೆ ಎಂಬ ಇನ್ನೊಂದು ಭಯ ಕಪ್ಪು ಮಲದಿಂದ ಹುಟ್ಟಿದ್ದಿರಬೇಕು. ಮಗುವಿನ ಬಣ್ಣಕ್ಕೂ ಕಬ್ಬಿಣಕ್ಕೂ ನಂಟಿಲ್ಲ. ಮಗು ವಿಪರೀತ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದೂ ನಿಜವಲ್ಲ. ಗುಳಿಗೆ ನುಂಗದೆ ರಕ್ತ ಕಡಿಮೆಯಾದವಳಿಗೇ ಹೆರಿಗೆಯ ರಕ್ತಸ್ರಾವ ತಾಳಿಕೊಳ್ಳುವುದು ಕಷ್ಟ.

ಗುಳಿಗೆ ಬಿಟ್ಟಾಗ ಉಳಿಯುವ ಕೊರತೆ ಹೊರಬೀಳುವ ದಾರಿಗಳೂ ವಿಚಿತ್ರ. ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನುವ ಚಪಲ ಎಷ್ಟೋ ಸಲ ಕಬ್ಬಿಣದ ಕೊರತೆಯ ಗುರುತು. ಅದನ್ನು ಬಯಕೆ ಎಂದು ನಕ್ಕು ಬಿಡುತ್ತಾರೆ.

ಊಟದ ಜೊತೆಗೋ, ಬರಿಹೊಟ್ಟೆಗೋ

ಬರಿಹೊಟ್ಟೆಯಲ್ಲಿ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ, ಕಾಟವನ್ನೂ ಚೆನ್ನಾಗಿ ಕೊಡುತ್ತದೆ. ಊಟದ ಜೊತೆ ಕಾಟ ಕಡಿಮೆ, ಹೀರಿಕೆಯೂ ಕಡಿಮೆ. ರಾತ್ರಿ ಊಟವಾಗಿ ಎರಡು ತಾಸಿನ ಮೇಲೆ, ಮಲಗುವ ಮುನ್ನ ನುಂಗುವುದು ಬಹಳ ಜನರಿಗೆ ಒಗ್ಗುವ ನಡುದಾರಿ. ವಾಕರಿಕೆ ನಿದ್ದೆಯಲ್ಲಿ ಕಳೆಯುತ್ತದೆ. ಜೊತೆಗೆ ನಿಂಬೆಹಣ್ಣಿನ ನೀರೋ ನೆಲ್ಲಿಕಾಯೋ ಇದ್ದರೆ ಸಿ ಜೀವಸತ್ವ ಹೀರಿಕೆಗೆ ನೆರವಾಗುತ್ತದೆ. ಚಹಾ ಮಾತ್ರ ಬೇಡ. ಹೈದರಾಬಾದಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಗಂಟೆಗೊಂದು ಇರಾನಿ ಚಾಯ್ ಕುಡಿಯುವ ಊರಿದು. ಚಹಾದ ಒಗರು ಅಂಶ ಕಬ್ಬಿಣವನ್ನು ಹಿಡಿದುಹಾಕುತ್ತದೆ, ಹಾಲೂ ಅಡ್ಡಿ ಮಾಡುತ್ತದೆ. ಮಾತ್ರೆಗೂ ಚಹಾಕ್ಕೂ ಎರಡು ತಾಸು ಅಂತರವಿದ್ದರೆ ಸಾಕು. ರಂಜಾನಿನಲ್ಲಿ ಉಪವಾಸ ಹಿಡಿಯುವ ಬಸುರಿ ಮೊದಲು ವೈದ್ಯರನ್ನು ಕೇಳಬೇಕು. ಹಿಡಿದರೆ, ಕ್ಯಾಲ್ಸಿಯಂ ನಸುಕಿನ ಸಹರಿ ಊಟಕ್ಕೂ ಕಬ್ಬಿಣ ಸಂಜೆಯ ಇಫ್ತಾರಿನ ನಂತರ ಮಲಗುವ ಹೊತ್ತಿಗೂ ಬಂದು ಅಂತರ ತಾನಾಗಿ ಸಿಗುತ್ತದೆ.

ತೆಲಂಗಾಣದ ಆರೋಗ್ಯ ಲಕ್ಷ್ಮಿ ಯೋಜನೆ 2015ರಿಂದ ಅಂಗನವಾಡಿಯಲ್ಲೇ ಬಸುರಿಗೆ ಮಧ್ಯಾಹ್ನದ ಪೂರ್ಣ ಊಟ, ಮೊಟ್ಟೆ, 200 ಮಿ.ಲೀ. ಹಾಲು ಬಡಿಸಿ, ಅಲ್ಲೇ ಕಬ್ಬಿಣದ ಮಾತ್ರೆ ನುಂಗಿಸುವ ಏರ್ಪಾಡು. ಕರ್ನಾಟಕದ ಮಾತೃಪೂರ್ಣ 2017ರ ಅಕ್ಟೋಬರ್ 2ರಿಂದ ಅದನ್ನೇ ಮಾಡಿತು. ಹಾಲಿನ ಜೊತೆ ಕಬ್ಬಿಣ ಕೊಟ್ಟರೆ ಹೀರಿಕೆ ತಗ್ಗುತ್ತದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ನನ್ನ ತೂಕ ಅಂಗನವಾಡಿಯ ಕಡೆಗೆ. ಡಬ್ಬಿಯಲ್ಲಿ ಉಳಿದ ಮಾತ್ರೆಯ ಹೀರಿಕೆ ಸೊನ್ನೆ. ಅನ್ನ ಉಂಡು, ನಾಲ್ಕು ಜನರ ನಡುವೆ ಕೂತು ನುಂಗಿದ ಮಾತ್ರೆ ಅರ್ಧ ಹೀರಿಕೆಯಾದರೂ ರಕ್ತವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಒಬ್ಬಳು 'ನನಗೆ ವಾಂತಿ ಆಗ್ತದ' ಎಂದರೆ ಪಕ್ಕದವಳು 'ನನಗೂ ಮೊದಲ ವಾರ ಹಂಗೇ ಆಗಿತ್ತು' ಎನ್ನುತ್ತಾಳೆ. ತೊಂದರೆ ಹೆಚ್ಚಾಗಿ ಕೆಲವು ದಿನಗಳಲ್ಲಿ ತಗ್ಗುತ್ತದೆ ಎಂಬ ಮಾತು ಕರಪತ್ರಕ್ಕಿಂತ ಅವಳ ಬಾಯಲ್ಲಿ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

2022ರ ಕೊನೆಗೆ ತೆಲಂಗಾಣ ಸರ್ಕಾರ ಹಂಚತೊಡಗಿದ ಪೌಷ್ಟಿಕ ಕಿಟ್ಟಿನಲ್ಲಿ ಖರ್ಜೂರ, ತುಪ್ಪದ ಜೊತೆ ಕಬ್ಬಿಣದ ಸಿರಪ್ಪೂ ಇತ್ತು. ಸಿರಪ್ ಹಲ್ಲಿಗೆ ಕಲೆ ಕಟ್ಟುತ್ತದೆ. ಸ್ಟ್ರಾ ಇಟ್ಟು ಕುಡಿದು ಬಾಯಿ ಮುಕ್ಕಳಿಸಿದರೆ ಕಲೆ ನಿಲ್ಲುವುದಿಲ್ಲ.

ಮಾತ್ರೆಯಿಂದ ರಕ್ತ ಏರದಿದ್ದರೆ ನುಂಗಿಲ್ಲವೆಂದು ಬೈಯುವ ಮುನ್ನ ಥಲಸ್ಸೀಮಿಯಾ ಪರೀಕ್ಷೆ ಆಗಬೇಕು. ಥಲಸ್ಸೀಮಿಯಾ ವಾಹಕಳ ರಕ್ತಕಣ ಕಬ್ಬಿಣದ ಕೊರತೆಯವಳ ಕಣದಂತೆಯೇ ಸಣ್ಣದು. ಕೊರತೆಯಿಲ್ಲದಿದ್ದರೂ ಅವಳಿಗೆ ಕಬ್ಬಿಣ ಕೊಡುತ್ತಾ ಹೋದರೆ ಫಲವಿಲ್ಲ, ಕಾಟ ಮಾತ್ರ. 1998ರಿಂದ ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿರುವ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿ ಬಸುರಿಯರ ಈ ತಪಾಸಣೆಗಾಗಿ ದನಿ ಎತ್ತುತ್ತಾ ಬಂದಿದೆ.

ಬಾಯಿಂದ ಆಗದಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣವಿದೆ, ಮೊದಲ ಮೂರು ತಿಂಗಳ ನಂತರ, ಆಸ್ಪತ್ರೆಯಲ್ಲಿ ಮಾತ್ರ. ಹಳೆಯ ಡೆಕ್ಸ್‌ಟ್ರಾನ್ ಕಬ್ಬಿಣದಿಂದ ತೀವ್ರ ಅಲರ್ಜಿಯ ಭಯವಿತ್ತು. ಇಂದಿನ ಔಷಧಗಳಲ್ಲಿ ಅದು ಬಹಳ ವಿರಳ. ಸೂಜಿ ನಾಳದಿಂದ ಜಾರಿದರೆ ಚರ್ಮದ ಮೇಲೆ ಕಂದು ಕಲೆ ವರ್ಷಗಟ್ಟಲೆ ನಿಲ್ಲಬಹುದು, ಕೆಲವು ಬಗೆಯಲ್ಲಿ ರಕ್ತದ ಫಾಸ್ಫೇಟ್ ಇಳಿಯಬಹುದು. ಒಂದೇ ಸಲ ನಾಳಕ್ಕೆ ಕೊಡುವ ಕಬ್ಬಿಣವನ್ನು ಮಾತ್ರೆಯೊಂದಿಗೆ ಹೋಲಿಸಿದ ದೊಡ್ಡ ಪ್ರಯೋಗವೊಂದು ಕರ್ನಾಟಕ ಮತ್ತು ರಾಜಸ್ಥಾನದ ಬಸುರಿಯರಲ್ಲೇ ನಡೆದಿದೆ. ಅದರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಪಾತ್ರ ದೊಡ್ಡದು.

ಕ್ಯಾಲ್ಸಿಯಂ

ಕ್ಯಾಲ್ಸಿಯಂ ಮಾತ್ರೆಯ ಕಾಟವೆಂದರೆ ಹೊಟ್ಟೆಯುಬ್ಬರ, ತೇಗು, ಮಲಬದ್ಧತೆ. ಅಪರೂಪಕ್ಕೆ ಮೂತ್ರಪಿಂಡದ ಕಲ್ಲು. 2014ರ ರಾಷ್ಟ್ರೀಯ ಸೂಚಿಯಂತೆ 14ನೇ ವಾರದಿಂದ ದಿನಕ್ಕೆ ಎರಡು ಸಲ 500 ಮಿ.ಗ್ರಾಂ ಕ್ಯಾಲ್ಸಿಯಂ, ಜೊತೆಗೆ ಸ್ವಲ್ಪ ಡಿ3. ಇದು ಬಸಿರಿನ ರಕ್ತದೊತ್ತಡದ ಅಪಾಯ ತಗ್ಗಿಸಲು. ಕಾರ್ಬನೇಟ್ ರೂಪದ್ದಾದರೆ ಊಟದ ಜೊತೆಗೇ ನುಂಗಬೇಕು, ಕಬ್ಬಿಣದ ಜೊತೆ ಎಂದೂ ಬೇಡ. ಆದರೆ ವಾಸ್ತವದಲ್ಲಿ ಆಗುವುದೇನು? ಬಿಳಿ ಮಾತ್ರೆ, ಕೆಂಪು ಮಾತ್ರೆ ಎರಡನ್ನೂ ಅಂಗೈಲಿಟ್ಟುಕೊಂಡು ಒಂದೇ ಗುಟುಕಿಗೆ ನುಂಗಿ 'ಕೆಲಸ ಮುಗೀತು' ಎನ್ನುತ್ತಾರೆ. ಹೀಗೆ ಮಾಡಿದರೆ ಎರಡರ ಕಾಟವೂ ಉಂಟು, ಒಂದರ ಫಲ ಅರ್ಧ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇವೆರಡರಿಂದಲೂ ಅದಕ್ಕೆ ನಾಲ್ಕು ತಾಸಿನ ದೂರ ಕೊಡಬೇಕು.

ಮಾತ್ರೆ ಕಡಿಮೆ ಮಾಡಿದರೆ ಹೇಗೆ ಎಂಬ ಪ್ರಶ್ನೆಗೆ ಬೆಂಗಳೂರಿನಿಂದ ಉತ್ತರ ಬಂದಿದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ತಂಡ 11,000 ಚೊಚ್ಚಲು ಬಸುರಿಯರಲ್ಲಿ, ಟಾಂಜಾನಿಯಾದ ತಂಡ ಇನ್ನೂ 11,000 ಮಂದಿಯಲ್ಲಿ ದಿನಕ್ಕೆ 500 ಮತ್ತು 1500 ಮಿ.ಗ್ರಾಂ ಹೋಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದವು. ರಕ್ತದೊತ್ತಡದ ಬೇನೆ ತಡೆಯುವಲ್ಲಿ 500 ಹಿಂದೆ ಬೀಳಲಿಲ್ಲ. ಹೊಟ್ಟೆ ಉಬ್ಬರಿಸಿಕೊಂಡು ಒದ್ದಾಡುವ ಬಸುರಿಗೆ ಇದು ದೊಡ್ಡ ಸಮಾಧಾನ. ಹೈದರಾಬಾದಿನ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ನಮ್ಮ ರಾಗಿಯ ಲೆಕ್ಕ 100 ಗ್ರಾಂಗೆ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ ಎಂದಿದೆ. ಅಷ್ಟೂ ಮೈಗೆ ಹತ್ತುವುದಿಲ್ಲವಾದರೂ ಮುದ್ದೆಯಿಂದ ಬಂದದ್ದು ಹೊಟ್ಟೆ ಕಟ್ಟಿಸುವುದಿಲ್ಲ.

ಫೋಲಿಕ್ ಆಮ್ಲ ಮತ್ತು ಅದರ ನೆರಳು

ನುಂಗಿದಾಗ ಏನೂ ಅನಿಸದ ಗುಳಿಗೆ ಇದು. ಗರ್ಭ ಕಟ್ಟುವ ಮೊದಲಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳು ಬಹಳಷ್ಟು ತಪ್ಪುತ್ತವೆ. ಅದಕ್ಕಾಗಿ ಬಿಡಬಾರದ ಗುಳಿಗೆಯೊಂದಿದ್ದರೆ ಇದೇ. ಇದರ ಅಪಾಯ ನೇರವಾದದ್ದಲ್ಲ. ಬಿ12 ಕೊರತೆಯಿರುವವಳಿಗೆ ಹೆಚ್ಚು ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಸಾಗುತ್ತದೆ. ಸಸ್ಯಾಹಾರಿಗಳ ನಾಡಿನಲ್ಲಿ ಇದು ಪುಸ್ತಕದ ಮಾತಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ನಡೆದ ಪಾರ್ಥೆನಾನ್ ಅಧ್ಯಯನದಲ್ಲಿ ಬಸುರಿಯರ ಪೈಕಿ ಶೇ. 43 ಮಂದಿಗೆ ಬಿ12 ಕಡಿಮೆಯಿತ್ತು, ಫೋಲೇಟ್ ಕಡಿಮೆಯಿದ್ದವರು ಶೇ. 4. ಬಿ12 ಕಡಿಮೆಯಿದ್ದವರಲ್ಲಿ ಬಸಿರಿನ ಸಕ್ಕರೆ ಕಾಯಿಲೆಯೂ ಹೆಚ್ಚಾಗಿ ಕಂಡಿತು. ಪುಣೆಯ ಅಧ್ಯಯನದಲ್ಲಿ ಫೋಲೇಟ್ ಹೆಚ್ಚು, ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಪ್ರತಿರೋಧ ಹೆಚ್ಚಿತ್ತು. ಇವು ಒಟ್ಟೊಟ್ಟಿಗೆ ಕಂಡ ಸಂಗತಿಗಳು. ಒಂದರಿಂದಲೇ ಇನ್ನೊಂದು ಎಂದು ಸಾಧಿಸಿದವಲ್ಲ.

ಆದರೂ ಒಂದು ಎಚ್ಚರ ಸಲ್ಲುತ್ತದೆ. ಔಷಧ ಅಂಗಡಿಗಳಲ್ಲಿ ಸಲೀಸಾಗಿ ಸಿಗುವ ಫೋಲಿಕ್ ಮಾತ್ರೆ 5 ಮಿ.ಗ್ರಾಂನದು, ಅಂದರೆ ಬೇಕಾದುದರ ಹನ್ನೆರಡು ಪಟ್ಟಿಗಿಂತ ಹೆಚ್ಚು. ಹಿಂದೆ ಬೆನ್ನುಹುರಿ ದೋಷದ ಮಗುವಾದವರಿಗೆ, ಮೂರ್ಛೆರೋಗದ ಔಷಧ ನುಂಗುವವರಿಗೆ, ಸಕ್ಕರೆ ಕಾಯಿಲೆಯವರಿಗೆ ದೊಡ್ಡ ಪ್ರಮಾಣ ಬೇಕು. ಉಳಿದವರು 'ನನಗೆ ಇದೇ ಯಾಕೆ, ಬಿ12 ನೋಡಬೇಕಾ?' ಎಂದು ಕೇಳುವುದು ತಕ್ಕ ಪ್ರಶ್ನೆ.

ಉಳಿದ ಜೀವಸತ್ವಗಳು

ಎ ಜೀವಸತ್ವದ ವಿಷಯದಲ್ಲಿ ಮಾತ್ರ ಹೆಚ್ಚಾದದ್ದು ಮಗುವಿಗೇ ನೇರವಾಗಿ ತಟ್ಟುತ್ತದೆ. ಬಾಸ್ಟನ್ನಿನ ಸಂಶೋಧಕರು 22,000ಕ್ಕೂ ಹೆಚ್ಚು ಬಸುರಿಯರನ್ನು ನೋಡಿ 1995ರಲ್ಲಿ, ದಿನಕ್ಕೆ 10,000 ಐಯುಗಿಂತ ಹೆಚ್ಚು ಸಿದ್ಧ ಎ ಜೀವಸತ್ವವನ್ನು ಗುಳಿಗೆಯಿಂದ ಪಡೆದವರಲ್ಲಿ ಸುಮಾರು 57 ಮಕ್ಕಳಿಗೊಂದರಂತೆ ಅದರಿಂದಾದ ವೈಕಲ್ಯ ಬರಬಹುದೆಂದು ಅಂದಾಜಿಸಿದರು. ಗಜ್ಜರಿ, ನುಗ್ಗೆಸೊಪ್ಪು, ಮಾವಿನ ಹಣ್ಣಿನ ಕ್ಯಾರೋಟಿನ್‌ಗೆ ಈ ದೋಷವಿಲ್ಲ. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಕುಡಿಸುವ ದೊಡ್ಡ ಪ್ರಮಾಣದ ಎ ಸಿರಪ್ಪನ್ನು 'ಕಣ್ಣಿಗೆ ಒಳ್ಳೇದು' ಎಂದು ಬಸುರಿ ಕುಡಿಯಬಾರದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಇದೇ ಕುಲದ್ದು. ಬಸಿರಲ್ಲಿ ಅದಕ್ಕೆ ಪೂರ್ತಿ ನಿಷೇಧ. ಎ ಜೀವಸತ್ವ ತುಂಬಿದ ಕಲೇಜಿಯನ್ನು, ಅಂದರೆ ಯಕೃತ್ತನ್ನು, ದಿನವೂ ತಿನ್ನುವುದೂ ಬೇಡ.

ಡಿ ಜೀವಸತ್ವದ 60,000 ಐಯು ಪುಡಿ ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ಎಂದು ತೆಗೆದುಕೊಂಡರೆ ರಕ್ತದ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ವಾಂತಿ, ಗೊಂದಲ ಬರುತ್ತವೆ. ಬಿ2 ಮೂತ್ರವನ್ನು ಗಾಢ ಹಳದಿ ಮಾಡುತ್ತದೆ, ಅಷ್ಟೆ. ವಾಂತಿಗೆ ಕೊಡುವ ಬಿ6 ಸರಿಯಾದ ಪ್ರಮಾಣದಲ್ಲಿ ನಿರಪಾಯ. ತಿಂಗಳುಗಟ್ಟಲೆ ದೊಡ್ಡ ಪ್ರಮಾಣ ಕೈಕಾಲು ಜುಮುಗುಡಿಸಬಹುದು. ಕೂದಲಿಗೆಂದು ಸೇರಿಸುವ ಬಯೊಟಿನ್ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪಿಸುತ್ತದೆ, ರಕ್ತ ಕೊಡುವ ಮುನ್ನ ಹೇಳಬೇಕು. ಮೀನೆಣ್ಣೆಯಿಂದ ಮೀನಿನ ತೇಗು. 'ನಾಟಿ, ಗಿಡಮೂಲಿಕೆ, ಯಾವ ಅಡ್ಡಪರಿಣಾಮವೂ ಇಲ್ಲ' ಎಂಬ ಪುಡಿ ಲೇಹ್ಯಗಳ ಬಗ್ಗೆ ಹೆಚ್ಚು ಹುಷಾರಾಗಿರಬೇಕು. ಭಾರತದಿಂದ ತರಿಸಿದ ಇಂಥ ಔಷಧ ಬಳಸಿದ ಆರು ಬಸುರಿಯರ ರಕ್ತದಲ್ಲಿ ಸೀಸದ ವಿಷ ಸಿಕ್ಕಿದ್ದನ್ನು ನ್ಯೂಯಾರ್ಕ್ ನಗರದ ಆರೋಗ್ಯ ಅಧಿಕಾರಿಗಳು 2011–12ರಲ್ಲಿ ದಾಖಲಿಸಿದ್ದಾರೆ.

ಯಾವುದೇ ಗುಳಿಗೆಯ ನಂತರ ಮೈತುಂಬ ದದ್ದು, ಮುಖ ಊತ, ಉಸಿರು ಕಟ್ಟುವಿಕೆ, ನಿಲ್ಲದ ವಾಂತಿ ಬಂದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಅಡ್ಡಪರಿಣಾಮವನ್ನು ರೋಗಿಯೇ ವರದಿ ಮಾಡಬಹುದು. ಭಾರತೀಯ ಫಾರ್ಮಕೋಪಿಯಾ ಆಯೋಗದ ಶುಲ್ಕರಹಿತ ಸಂಖ್ಯೆ 1800-180-3024.

ಉಳಿದ ಮಾತ್ರೆಗಳು

ಬಸುರಿ ಬಿಟ್ಟ ಮಾತ್ರೆ ಮಾಯವಾಗುವುದಿಲ್ಲ. ಅದು ಟಿವಿಯ ಪಕ್ಕ, ಕಿಟಕಿಯ ಕಟ್ಟೆಯಲ್ಲಿ, ದಿಂಬಿನ ಕೆಳಗೆ ಉಳಿಯುತ್ತದೆ. ಕೆಂಪು ಬಣ್ಣ, ಸಕ್ಕರೆಯ ಹೊದಿಕೆ; ಎರಡು ವರ್ಷದ ಮಗುವಿಗೆ ಅದು ಪೆಪ್ಪರಮೆಂಟು. 10 ಕಿಲೋ ತೂಕದ ಮಗು 60 ಮಿ.ಗ್ರಾಂನ ಹತ್ತು ಮಾತ್ರೆ, ಅಂದರೆ ಒಂದು ಪಟ್ಟಿ ತಿಂದರೆ ಕಿಲೋಗೆ 60 ಮಿ.ಗ್ರಾಂ ಆಯಿತು, ಅದು ಪ್ರಾಣಾಪಾಯದ ಪ್ರಮಾಣ. ಕಿಲೋಗೆ 20 ಮಿ.ಗ್ರಾಂ ಮೀರಿದರೇ ವಿಷದ ಲಕ್ಷಣ ಶುರು. ಮೊದಲು ವಾಂತಿ, ಭೇದಿ, ಕೆಲವೊಮ್ಮೆ ರಕ್ತ. ಆಮೇಲೆ ಕೆಲವು ತಾಸು ಮಗು ಚೇತರಿಸಿಕೊಂಡಂತೆ ಕಾಣುತ್ತದೆ, ಆಡುತ್ತದೆ ಕೂಡ. ಈ ಹೊತ್ತಿನಲ್ಲೇ ಮನೆಯವರು ಮೋಸಹೋಗುವುದು. ಅದರ ಬೆನ್ನಿಗೇ ರಕ್ತದೊತ್ತಡ ಕುಸಿದು ಯಕೃತ್ತು ಕೆಡುತ್ತದೆ. ಮಗು ಮಾತ್ರೆ ತಿಂದದ್ದು ಗೊತ್ತಾದ ಕೂಡಲೇ, ಅದು ನಗುತ್ತಿದ್ದರೂ, ಖಾಲಿ ಪಟ್ಟಿಯನ್ನು ಕೈಲಿ ಹಿಡಿದು ಆಸ್ಪತ್ರೆಗೆ ಓಡಬೇಕು. ಮನೆಯಲ್ಲಿ ವಾಂತಿ ಮಾಡಿಸುತ್ತಾ ಹೊತ್ತು ಕಳೆಯಬಾರದು. ಡೆಸ್‌ಫೆರಿಆಕ್ಸಮೀನ್ ಎಂಬ ಪ್ರತಿವಿಷವಿದೆ, ಅದು ಹೊತ್ತಿಗೆ ಸಿಗಬೇಕು.

ಎಷ್ಟು ಮಾತ್ರೆ ಕಾಣೆಯಾಗಿವೆ ಎಂದು ವೈದ್ಯರು ಕೇಳುತ್ತಾರೆ. ಪಟ್ಟಿಯಲ್ಲಿ ತಾನು ನುಂಗಿದ್ದೆಷ್ಟು, ಬಿಟ್ಟದ್ದೆಷ್ಟು ಎಂದು ತಾಯಿ ಆಗ ನಿಜ ಹೇಳಬೇಕಾಗುತ್ತದೆ. ಒಗ್ಗದ ಮಾತ್ರೆಯನ್ನು ಅಂಗನವಾಡಿಗೋ ಆಶಾ ಕಾರ್ಯಕರ್ತೆಗೋ ಮರಳಿಸಿ, ಯಾಕೆ ಬಿಟ್ಟೆ ಎಂದು ಅವತ್ತೇ ಹೇಳಲು ಅವಳಿಗೆ ಅಂಜಿಕೆಯಾಗಬಾರದು. ನುಂಗುತ್ತಿರುವ ಪಟ್ಟಿಯ ಜಾಗ ಬಿಗಿ ಮುಚ್ಚಳದ ಡಬ್ಬಿಯೊಳಗೆ, ಸ್ಟೂಲು ಹಾಕಿದರೂ ಮಗುವಿನ ಕೈಗೆ ಎಟುಕದ ಅಟ್ಟದ ಮೇಲೆ.